ಹಸಿರಾಗಿಯೇ ಬಾಡುವ ಟೊಮೆಟೊ: ಕುಂಡದ ಬೇರಿನ ಬ್ಯಾಕ್ಟೀರಿಯಾಗಳನ್ನು ನಿಭಾಯಿಸುವುದು ಹೇಗೆ?

ಮುಂಬೈ ಕಡೆಯ ಡೊಂಬಿವಲಿ ಇರಲಿ, ಮುಲುಂಡ್ ಇರಲಿ, ನಮ್ಮ ಕನ್ನಡಿಗರ ಬಾಲ್ಕನಿ ಗ್ರಿಲ್‌ನಲ್ಲಿ ಬಸಳೆ, ಅಲಸಂಡೆ, ಬದನೆ, ಟೊಮೆಟೊ ಇದ್ದೇ ಇರುತ್ತವೆ. ಮುಂಬೈ ಮಳೆ ಹಿಡಿದು ಕೆಲವು ವಾರ ಆಗುವಷ್ಟರಲ್ಲಿ ದೂರು ಶುರು: ನಿನ್ನೆ ಚೆನ್ನಾಗಿದ್ದ ಗಿಡ ಇವತ್ತು ಜೋತು ಬಿದ್ದಿದೆ, ಎಲೆ ಮಾತ್ರ ಹಸಿರಾಗೇ ಇದೆ. ನೀರು ಸಾಲಲಿಲ್ಲವೇನೋ ಅಂತ ಇನ್ನೊಂದು ಚೊಂಬು ಸುರಿಯುತ್ತಾರೆ. ಅದೇ ತಪ್ಪು. ಇದು ಬೇರಿನ ಮೂಲಕ ನುಗ್ಗುವ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ ಇರಬಹುದು.

ಎಲೆಯಲ್ಲಿ ತಯಾರಾದ ಸಕ್ಕರೆಯ ಒಂದು ಪಾಲನ್ನು ಗಿಡ ಬೇರಿನ ಮೂಲಕ ಮಣ್ಣಿಗೆ ಬಿಡುತ್ತದೆ. ಬ್ಯಾಕ್ಟೀರಿಯಾಗಳು ಅಲ್ಲಿ ಮುತ್ತಿಕೊಳ್ಳುತ್ತವೆ. ಬೇರಿನ ಸುತ್ತಲಿನ ಈ ತೆಳು ಪದರಕ್ಕೆ 1904ರಲ್ಲಿ ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ ‘ರೈಜೋಸ್ಫಿಯರ್’ ಎಂದು ಹೆಸರಿಟ್ಟರು. ಹೋಟೆಲ್ ತೆರೆದರೆ ಒಳ್ಳೆ ಗಿರಾಕಿಯೂ ಬರುತ್ತಾನೆ, ಪುಂಡನೂ ಬರುತ್ತಾನೆ, ಅಲ್ವಾ? ಜಾಗವನ್ನೆಲ್ಲ ಒಳ್ಳೆಯವೇ ಹಿಡಿದುಕೊಳ್ಳುವಂತೆ ಮಾಡುವುದು ನಮ್ಮ ಕೆಲಸ.

ಮೊದಲು ಮಣ್ಣು. ನರ್ಸರಿಯ ಚೀಲದಲ್ಲಿ ಸಿಗುವ ‘ಲಾಲ್ ಮಾತಿ’ಯನ್ನು (ಕೆಂಪು ಮಣ್ಣು) ಹಾಗೇ ತುಂಬಿದರೆ ಮಳೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಅರ್ಧ ಮಣ್ಣು, ಉಳಿದರ್ಧ ಚೆನ್ನಾಗಿ ಕಳಿತ ಗೊಬ್ಬರ ಮತ್ತು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಸಾಕು. ಕುಂಡದ ತೂತು ನೋಡಿ, ಮಳೆಗಾಲದಲ್ಲಿ ಕೆಳಗಿನ ತಟ್ಟೆ ತೆಗೆದುಬಿಡಿ. ನೀರು ನಿಂತರೆ ಬೇರಿಗೆ ಉಸಿರು ಕಟ್ಟುತ್ತದೆ. ಬಿಸಿ, ತೇವ ಎರಡೂ ಸೇರಿದರೆ ಸೊರಗು ರೋಗಕ್ಕೆ ಹಬ್ಬ. ನಲ್ಲಿ ನೀರಿನ ಕ್ಲೋರಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಗೊಬ್ಬರ ಬೆರೆತ ಮಣ್ಣಿಗೆ ಬಿದ್ದ ಕೂಡಲೇ ಅದರ ಆಟ ಮುಗಿಯುತ್ತದೆ.

ಅಲಸಂಡೆ ಬಿತ್ತುವಾಗ ಬೀಜಕ್ಕೆ ರೈಜೋಬಿಯಂ ಎಂಬ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ ಹಚ್ಚಿ. ಪ್ಯಾಕೆಟ್ ಮೇಲೆ ಯಾವ ಬೆಳೆಗೆ ಅಂತ ಬರೆದಿರುತ್ತದೆ. ಸೋಯಾಬೀನ್‌ಗೆ ಅಂತ ಇದ್ದದ್ದನ್ನು ಅಲಸಂಡೆಗೆ ತರಬೇಡಿ. ತಾರೀಕೂ ನೋಡಿ, ಒಳಗಿರುವುದು ಜೀವ. ಒಂದು ಹಿಡಿ ಬೀಜಕ್ಕೆ ಕೆಲವು ಹನಿ ಬೆಲ್ಲದ ನೀರು ಹಾಕಿ, ಒಂದು ಚಮಚ ಪುಡಿ ಬೆರೆಸಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿ.

ಆಮೇಲೆ ನಡೆಯುವುದು ಸೊಗಸಾಗಿದೆ. ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಬಿಟ್ಟು ಕರೆಯುತ್ತದೆ, ರೈಜೋಬಿಯಂ ತನ್ನದೇ ಇನ್ನೊಂದು ಬಿಟ್ಟು ಓಗೊಡುತ್ತದೆ. ಆಗ ಬೇರಿನ ಕೂದಲು ಕೊಕ್ಕೆಯಂತೆ ಬಾಗಿ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಅಲ್ಲೇ ಗಂಟು ಕಟ್ಟುತ್ತದೆ. ಗಂಟಿನೊಳಗೆ ಗಾಳಿಯ ಸಾರಜನಕ ಗಿಡ ಬಳಸುವ ರೂಪಕ್ಕೆ ಬರುತ್ತದೆ. ಬೇಯರಿಂಕ್ ಎಂಬ ಡಚ್ ವಿಜ್ಞಾನಿ 1888ರಲ್ಲೇ ಈ ಬ್ಯಾಕ್ಟೀರಿಯಾವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದ್ದರು. ಯೂರಿಯಾ ಸುರಿದರೆ ಈ ಗೆಳೆತನವೇ ಬೇಡವಾಗುತ್ತದೆ. ಪುಕ್ಕಟೆ ಸಾರಜನಕ ಸಿಗುವಾಗ ಗಿಡ ಯಾಕೆ ಸಕ್ಕರೆ ಖರ್ಚು ಮಾಡೀತು?

ಹೂ ಬಿಡುವ ಹೊತ್ತಿಗೆ ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಬೇರಿನ ಪಕ್ಕಕ್ಕೆ ಅಂಟಿದ ಉಂಡೆಗಳು ಹೆಬ್ಬೆರಳಿಂದ ತಿಕ್ಕಿದರೆ ಉದುರುತ್ತವೆ. ಒಂದನ್ನು ಬ್ಲೇಡಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ಸಾಗಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ನೆಂಟನೊಂದು ಅಲ್ಲಿ ಆಮ್ಲಜನಕವನ್ನು ಹದದಲ್ಲಿಡುತ್ತದೆ, ಬಣ್ಣ ಅದರದ್ದೇ. ಬಿಳಿ ಅಥವಾ ಹಸಿರಾಗಿದ್ದರೆ ಇನ್ನೂ ಶುರುವಾಗಿಲ್ಲ, ಇಲ್ಲವೇ ಮುಗಿದಿದೆ. ಉಂಡೆ ಉದುರದೆ ಬೇರೇ ಊದಿಕೊಂಡಿದ್ದರೆ ಅದು ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಕಾಟ, ಖುಷಿಪಡಬೇಡಿ.

ಟೊಮೆಟೊ, ಬದನೆ, ಮೆಣಸಿನ ಸಸಿಗೆ ಗಂಟು ಬರುವುದಿಲ್ಲ. ಅವಕ್ಕೆ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ಇನ್ನೊಂದು ಒಳ್ಳೆಯ ಬ್ಯಾಕ್ಟೀರಿಯಾ. ಲೀಟರ್ ನೀರಿಗೆ 10 ಗ್ರಾಂ ಪುಡಿ ಕಲಸಿ, ನೆಡುವ ಮೊದಲು ಬೇರನ್ನು ಅರ್ಧ ಗಂಟೆ ಅದ್ದಿಡಿ. ಇದು ಸುತ್ತಲಿನ ಕಬ್ಬಿಣವನ್ನು ತಾನೇ ಬಾಚಿಕೊಂಡು ಕೆಟ್ಟವುಗಳನ್ನು ಉಪವಾಸ ಕೆಡವುತ್ತದೆ. ಜೊತೆಗೆ ತಾಮ್ರದ ಔಷಧಿ ಹಾಕಬೇಡಿ, ಇದೂ ಸಾಯುತ್ತದೆ. ಆದರೆ ಪುಡಿ ಪವಾಡ ಮಾಡುವುದಿಲ್ಲ. ನೀರು ನಿಲ್ಲುವ ಕುಂಡಕ್ಕೆ ಎಷ್ಟು ಪ್ಯಾಕೆಟ್ ಸುರಿದರೂ ದಂಡ. ಬುಡ ಕೆದಕುವ ಚಟವನ್ನೂ ಬಿಡಿ, ಬೇರಿಗೆ ಗಾಯವಾದಲ್ಲೇ ಶತ್ರು ನುಗ್ಗುವುದು.

ಆ ಶತ್ರು ಸೊರಗು ರೋಗದ ಬ್ಯಾಕ್ಟೀರಿಯಾ, ರಾಲ್ಸ್ಟೋನಿಯಾ ಸೊಲನೇಸಿಯಾರಮ್. ನೀರು ಏರುವ ಕೊಳವೆಗಳಲ್ಲಿ ಸೇರಿ ಲೋಳೆ ತುಂಬುತ್ತದೆ. ಬುಡದಲ್ಲಿ ನೀರಿದ್ದೂ ಗಿಡಕ್ಕೆ ಬಾಯಾರಿಕೆ. ಪರೀಕ್ಷೆಗೆ ಒಂದು ಗಾಜಿನ ಲೋಟ ಸಾಕು. ಬಾಡಿದ ಗಿಡದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ತುಂಡನ್ನು ತಿಳಿ ನೀರಿನಲ್ಲಿ ತುದಿಯಷ್ಟೇ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಇದೇ ರೋಗ.

ಹಾಗಾದರೆ ಔಷಧಿ ಹುಡುಕಬೇಡಿ. ಗಿಡವನ್ನು ಬೇರು, ಮಣ್ಣು ಸಮೇತ ಕವರಿಗೆ ಕಟ್ಟಿ ಕಸಕ್ಕೆ ಹಾಕಿ. ಸೊಸೈಟಿಯ ಕಾಂಪೋಸ್ಟ್ ಡಬ್ಬಕ್ಕಂತೂ ಬೇಡವೇ ಬೇಡ. ಈ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಕುಂಡ, ಕತ್ತರಿ ಎರಡನ್ನೂ ಬ್ಲೀಚ್ ನೀರಿನಲ್ಲಿ ತೊಳೆಯಿರಿ. ಆ ಕುಂಡದಲ್ಲಿ ಸದ್ಯಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹಾಕಿ. ಟೊಮೆಟೊ ಬೇಕೇ ಬೇಕು ಅಂದರೆ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಬದನೆಯಲ್ಲಿ ಅರ್ಕಾ ನಿಧಿ, ಅರ್ಕಾ ಕೇಶವ್ ಇವೆ. ಸುಂಡೆಕಾಯಿ ಗಿಡದ ಬೇರಿಗೆ ಕಸಿ ಕಟ್ಟಿದ ಬದನೆ ಸಿಕ್ಕರೆ ಇನ್ನೂ ಒಳ್ಳೆಯದು. ನೆಡುವಾಗ ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಹೂತುಹೋದರೆ ಮೇಲಿನ ಬದನೆ ತನ್ನದೇ ಬೇರು ಬಿಡುತ್ತದೆ, ರೋಗ ಆ ದಾರಿಯಲ್ಲೇ ಒಳಗೆ ಬರುತ್ತದೆ.