ಪಾಳುಮನೆಯ ಅಟ್ಟದಲ್ಲಿ ಹೆಜ್ಜೆ ಸಪ್ಪಳ: ದೆವ್ವ ಹುಡುಕುವ ನನ್ನ ಅನುಭವ

ದೆವ್ವವಿದೆ ಎಂದು ಹೆಸರಾದ ಜಾಗಕ್ಕೆ ರಾತ್ರಿ ಹೋಗುವ ಮೊದಲು, ಆ ಹೆಸರು ಯಾರ ಬಾಯಿಂದ ಹೊರಟು ಯಾರ ಬಾಯಿಗೆ ಬಂತು ಎಂದು ವಿಚಾರಿಸುವುದು ನಾನು ರೂಢಿಸಿಕೊಂಡ ಕ್ರಮ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಪಾಳುಮನೆಗಳನ್ನೂ ಘಾಟಿಯ ತಿರುವುಗಳನ್ನೂ ಹವ್ಯಾಸಕ್ಕಾಗಿ ನೋಡುತ್ತ ಬಂದಿರುವ ನನ್ನ ಮಟ್ಟಿಗೆ, ಕೆಲಸದ ಹೆಚ್ಚಿನ ಪಾಲು ಹಗಲಿನಲ್ಲೇ, ಯಾರದೋ ಜಗಲಿಯಲ್ಲಿ ಕವಳ ಹಾಕುತ್ತ ಕುಳಿತಾಗಲೇ ಮುಗಿದಿರುತ್ತದೆ. ಕಂಡವರನ್ನು ಒಬ್ಬೊಬ್ಬರಾಗಿ, ಇನ್ನೊಬ್ಬರ ಕಿವಿಗೆ ಬೀಳದಂತೆ ಕೇಳುತ್ತೇನೆ. ಯಾವ ತಿಂಗಳು, ಮಳೆಯಿತ್ತೇ, ಕರೆಂಟ್ ಇತ್ತೇ, ಎಷ್ಟು ದೂರದಿಂದ ಕಂಡಿತು, ಆ ಜಾಗಕ್ಕೆ ಕೆಟ್ಟ ಹೆಸರಿರುವುದು ಮೊದಲೇ ಗೊತ್ತಿತ್ತೇ ಎಂಬಷ್ಟು ತಿಳಿದರೆ ಸಾಕು. ಸ್ವತಃ ಕಂಡವರು ಬಹಳ ಕಡಿಮೆ; ಉಳಿದವರೆಲ್ಲ ಅವರಿಂದ ಕೇಳಿದವರು, ಮತ್ತು ಕೇಳಿದವರು ಹೇಳುವ ದೆವ್ವವೇ ಹೆಚ್ಚು ಎತ್ತರವಾಗಿರುತ್ತದೆ.

ಒಂದು ಗೆರೆಯನ್ನು ನಾನು ದಾಟುವುದಿಲ್ಲ. ಮಲೆನಾಡಿನಲ್ಲಿ ಚೌಡಿಯ ಬನ, ಭೂತನ ಕಟ್ಟೆಗಳು ಹರಕೆ, ಪೂಜೆ ಸಲ್ಲುವ ನೆಲೆಗಳು. ಅವು ಯಾರನ್ನೋ ಹೆದರಿಸುತ್ತವೆ ಎಂಬ ಗುಲ್ಲಿನಿಂದ ಹುಟ್ಟಿದ ಜಾಗಗಳಲ್ಲ. ಅಲ್ಲಿಗೆ ಯಂತ್ರ ಹಿಡಿದು ಹೋಗುವುದನ್ನು ನಾನು ಉದ್ಧಟತನವೆಂದೇ ಎಣಿಸುತ್ತೇನೆ. ಹಾಗೆಯೇ ಮನೆಯಾದರೆ ಒಡೆಯರ ಒಪ್ಪಿಗೆ, ಸೋಮೇಶ್ವರ ಅಥವಾ ಶರಾವತಿ ಕಣಿವೆಯಂಥ ಅಭಯಾರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವುದಿಲ್ಲ. ಬೇಸಿಗೆಯಲ್ಲಿ ತರಗೆಲೆಯ ಮೇಲೆ ಚಾಪೆ ಹಾಸಿ ರಾತ್ರಿ ಕಳೆಯುವ ಹುಡುಗರಿಗೆ ಇನ್ನೊಂದು ಮಾತು ಹೇಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ, ಅದು ಹೆಚ್ಚುವುದೂ ಈ ಒಣ ತಿಂಗಳುಗಳಲ್ಲೇ. ದೆವ್ವಕ್ಕಿಂತ ಉಣುಗಿಗೆ ಹೆದರುವುದು ಮೇಲು.

ಉಪಕರಣಗಳ ಬಗ್ಗೆ ನನಗಿರುವ ಗೌರವ ಅಷ್ಟಕ್ಕಷ್ಟೆ. ದೆವ್ವ ಬಂದರೆ ದೀಪ ಮಿನುಗುತ್ತದೆ ಎಂದು ಮಾರುವ ವಿದ್ಯುತ್ಕಾಂತೀಯ ಮೀಟರು ಗೋಡೆಯೊಳಗಿನ ವೈರಿಂಗಿಗೂ ಜೇಬಿನಲ್ಲಿರುವ ಮೊಬೈಲಿಗೂ ಅಷ್ಟೇ ಉತ್ಸಾಹದಿಂದ ಮಿನುಗುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ತೇಲುವ ಬಿಳಿ ಗೋಳಗಳು ಲೆನ್ಸಿನ ಹತ್ತಿರವೇ ಇರುವ ಧೂಳು ಅಥವಾ ನೀರಿನ ಹನಿಗಳು. ಆಗುಂಬೆಯ ಮಂಜಿನಲ್ಲಿ ಒಂದು ಚಿತ್ರಕ್ಕೆ ನೂರು ಆತ್ಮಗಳು ಸಿಕ್ಕರೂ ಆಶ್ಚರ್ಯವಿಲ್ಲ. ನನ್ನ ಚೀಲದಲ್ಲಿ ಈಗ ಉಳಿದಿರುವುದು ಧ್ವನಿಮುದ್ರಕ, ಥರ್ಮಾಮೀಟರ್, ಕೆಂಪು ಬೆಳಕಿನ ಟಾರ್ಚ್, ನೋಟ್‌ಬುಕ್ ಮತ್ತು ಒಂದು ಡಬ್ಬಿ ರಂಗೋಲಿ ಪುಡಿ. ಧ್ವನಿ ಮುದ್ರಿಸುವಾಗ ನಾನು ಕೆಮ್ಮಿದರೆ, ಕಾಲು ಎಳೆದರೆ ಅದನ್ನು ಆಗಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ. ಇಲ್ಲವಾದರೆ ಮರುದಿನ ನನ್ನದೇ ಕೆಮ್ಮು ಪರಲೋಕದ ಸಂದೇಶದಂತೆ ಕೇಳಿಸುತ್ತದೆ.

ಈ ಪುಡಿ ಕೆಲಸಕ್ಕೆ ಬಂದದ್ದು ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯಲ್ಲಿ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಬೀಗ ಬಿದ್ದಿದ್ದ ಆ ಮನೆಯ ಅಟ್ಟದಲ್ಲಿ ರಾತ್ರಿ ಯಾರೋ ನಡೆಯುತ್ತಾರೆ, ಹಿಂಬದಿಯಲ್ಲಿ ಯಾರೋ ನರಳುತ್ತಾರೆ ಎಂಬುದು ಊರಿನವರ ಮಾತಾಗಿತ್ತು, ತೋಟದ ಕೆಲಸದವರು ಸಂಜೆಯಾದ ಮೇಲೆ ಅತ್ತ ಸುಳಿಯುತ್ತಿರಲಿಲ್ಲ. ಬೇರೆಬೇರೆಯಾಗಿ ಕೇಳಿದಾಗ ಗೊತ್ತಾದದ್ದೇನೆಂದರೆ, ಹೆಜ್ಜೆಯ ಸದ್ದು ಕಾಫಿ ಹಣ್ಣಾಗುವ ಹೊತ್ತಿಗೆ ಶುರುವಾಗುತ್ತಿತ್ತು, ನರಳಾಟ ಮಾತ್ರ ಶಿವರಾತ್ರಿಯ ಆಸುಪಾಸಿನಿಂದ ಮಳೆ ಹಿಡಿಯುವವರೆಗೆ ಕೇಳುತ್ತಿತ್ತು. ಒಂದೇ ದೆವ್ವಕ್ಕೆ ಎರಡು ಪಂಚಾಂಗ ಇರಲಾರದು ಎಂದು ಅವೆರಡನ್ನೂ ಬಿಡಿಸಿ ನೋಡಿದೆ. ಅಟ್ಟದ ಹಲಗೆಯ ಮೇಲೆ ಪುಡಿ ತೆಳ್ಳಗೆ ಉದುರಿಸಿ ಕೆಳಗೆ ಕುಳಿತ ರಾತ್ರಿ, ಹೆಂಚುಗಳು ತಣಿಯುವಾಗ ಬರುವ ಚಟಪಟ ಸದ್ದು ನಿಂತ ಬಳಿಕ, ಮನುಷ್ಯರದೇ ಎನಿಸುವಷ್ಟು ನಿಧಾನದ ಹೆಜ್ಜೆಗಳು ಈ ತುದಿಯಿಂದ ಆ ತುದಿಗೆ ಹೋದವು. ಮೈ ಜುಮ್ಮೆಂದದ್ದು ನಿಜ. ಬೆಳಗ್ಗೆ ಪುಡಿಯಲ್ಲಿ ಐದೈದು ಬೆರಳಿನ ಗುರುತುಗಳಿದ್ದವು. ಸಾಕು ಬೆಕ್ಕಾದರೆ ನಾಲ್ಕೇ ಬೆರಳು ಮೂಡುತ್ತವೆ. ಮೂಲೆಯಲ್ಲಿ ಕಾಫಿ ಬೀಜ, ಬಗನಿ ಬೀಜ ತುಂಬಿದ ಹಿಕ್ಕೆಯೂ ಸಿಕ್ಕ ಮೇಲೆ ಅದು ಪುನುಗಿನ ಜಾತಿಯ ಕಾಡುಪ್ರಾಣಿ ಕಬ್ಬೆಕ್ಕೆಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ನರಳಾಟ ಹೆಚ್ಚು ಸತಾಯಿಸಿತು. ಅದು ಬಚ್ಚಲಿನ ಹಿಂದಿನ ಗೋಡೆಯಿಂದ, ಗಂಟಲು ಕಟ್ಟಿದವರ ದನಿಯಂತೆ, ಎಳೆದೆಳೆದು ಬರುತ್ತಿತ್ತು. ಆ ಗೋಡೆಗೆ ತಾಗಿಕೊಂಡೇ ಗುಡ್ಡದ ಅಬ್ಬಿ ನೀರನ್ನು ಕೆಳಗಿನ ಮನೆಗೆ ಒಯ್ಯುವ ಪೈಪು ಹಾದುಹೋಗಿತ್ತು. ಬೇಸಿಗೆಯಲ್ಲಿ ಒರತೆ ಸೊರಗಿದಾಗ ಪೈಪಿನ ಬಾಯಿ ಪೂರ್ತಿ ಮುಳುಗದೆ ನೀರಿನ ಜೊತೆ ಗಾಳಿಯೂ ಒಳಸೇರುತ್ತದೆ, ಬಾಗಿದ ಕಡೆ ಸಿಕ್ಕಿಬಿದ್ದ ಆ ಗಾಳಿ ನೀರಿನ ಒತ್ತಡಕ್ಕೆ ಮುಂದೆ ನುಗ್ಗುವಾಗ ದನಿ ಹೊರಡುತ್ತದೆ, ಹಗಲಿನ ಗದ್ದಲದಲ್ಲಿ ಅದು ಕಿವಿಗೆ ಬೀಳುವುದಿಲ್ಲ. ಇದನ್ನು ಊಹೆಯಾಗಿ ಬಿಡಬಾರದೆಂದು ಗೆಳೆಯನೊಬ್ಬನನ್ನು ಗುಡ್ಡದ ಮೇಲೆ ಕೂರಿಸಿ, ನನಗೆ ತಿಳಿಸದೆ ತನಗೆ ಬೇಕಾದಾಗ ಪೈಪಿನ ಬಾಯಿ ಮುಚ್ಚುತ್ತ, ತೆರೆಯುತ್ತ ಗಂಟೆ ಬರೆದುಕೊಳ್ಳಲು ಹೇಳಿದೆ. ನಾನು ಕೆಳಗೆ ಬರೆದ ಗಂಟೆಗಳೂ ಅವನವೂ ಹೊಂದಿದವು. ಒಡೆಯರು ಪೈಪನ್ನು ಗೋಡೆಯಿಂದ ದೂರ ಸರಿಸಿದರು. ಕೆಲಸದವರು ಈಗಲೂ ಸಂಜೆ ಅತ್ತ ಹೋಗುವುದಿಲ್ಲ, ಅದು ಬೇರೆ ಮಾತು.

ಮನೆಯವರಿಗೇ ಎದೆ ಅಮುಕಿದಂತೆ, ಯಾರೋ ಪಕ್ಕದಲ್ಲಿ ನಿಂತಂತೆ ಆಗುವ ಕಡೆ ನಾನು ಮೊದಲು ಹುಡುಕುವುದು ಅಗ್ಗಿಷ್ಟಿಕೆಯನ್ನು. 1921ರಲ್ಲಿ ಅಮೆರಿಕದ ನೇತ್ರವೈದ್ಯ ವಿಲಿಯಂ ವಿಲ್ಮರ್ ಪ್ರಕಟಿಸಿದ ಒಂದು ವರದಿಯಲ್ಲಿ, ಹೆಜ್ಜೆ ಸಪ್ಪಳ ಕೇಳಿ ಆಕೃತಿಗಳನ್ನು ಕಂಡು ಕಂಗೆಟ್ಟಿದ್ದ ಕುಟುಂಬವೊಂದರ ತೊಂದರೆಗೆ, ಮನೆ ಬೆಚ್ಚಗಿಡುವ ಕೆಟ್ಟ ಕುಲುಮೆಯಿಂದ ಸೋರುತ್ತಿದ್ದ ಕಾರ್ಬನ್ ಮಾನಾಕ್ಸೈಡ್ ಕಾರಣವಾಗಿತ್ತು. ನಮ್ಮ ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿ ಕೆಂಡವಿಟ್ಟು ಮಲಗುವ ಕೋಣೆಯಲ್ಲೂ ಅದೇ ಅನಿಲ ತುಂಬುತ್ತದೆ, ಅದು ಜೀವವನ್ನೇ ತೆಗೆಯಬಲ್ಲದು.

ಕೊಳ್ಳಿದೆವ್ವದ ವಿಷಯ ಇಷ್ಟು ಸುಲಭವಲ್ಲ. ಮುಂಗಾರಿನ ಮೊದಲ ಮಳೆಗೆ ಗದ್ದೆಯಂಚಿನಲ್ಲಿ ಓಡಾಡುವ ಬೆಳಕಾದರೆ ಹೊಸ ನೀರಿಗೆ ಗದ್ದೆಯತ್ತ ಹತ್ತಿಬರುವ ಹತ್ತುಮೀನನ್ನು ದೀಪ ಹಿಡಿದು ಹಿಡಿಯುವವರನ್ನು ವಿಚಾರಿಸುತ್ತೇನೆ. ಮಳೆಗಾಲದ ಕಾಡಿನಲ್ಲಿ ಕದಲದೆ ಹಸಿರಾಗಿ ಬೆಳಗುವುದಾದರೆ ಕೊಳೆತ ಮರದ ಮೇಲಿನ ಶಿಲೀಂಧ್ರವನ್ನು ಹುಡುಕುತ್ತೇನೆ. ಅದಕ್ಕೆ ಟಾರ್ಚ್ ಆರಿಸಿ ಅರ್ಧ ಗಂಟೆಯಾದರೂ ಕಣ್ಣನ್ನು ಕತ್ತಲಿಗೆ ಒಗ್ಗಿಸಬೇಕು. ಆದರೆ ಹೊಸನಗರ ಕಡೆಯ ಒಂದು ಮನೆಯವರು ಹೇಳುವ ಬೆಳಕು ಪುಷ್ಯ ಮಾಸದ ಚಳಿಯಲ್ಲಿ, ಒಣಗಿದ ಗದ್ದೆಯ ಮೇಲೆ, ಆಳೆತ್ತರದಲ್ಲಿ ಸಾಗುವಂಥದ್ದು. ಆಗ ಮೀನೂ ಇಲ್ಲ, ಮಿಂಚುಹುಳವೂ ಇಲ್ಲ, ಆ ದಿಕ್ಕಿನಲ್ಲಿ ರಸ್ತೆಯೂ ಇಲ್ಲ. ಅತ್ತೆ, ಸೊಸೆ ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದು ಒಂದೇ ತೆರನಾಗಿದೆ. ಕಾರಣ ತಿಳಿದಿಲ್ಲ ಎಂದೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಬರುವ ಚಳಿಗಾಲದಲ್ಲಿ ಅವರ ಜಗಲಿಯಲ್ಲಿ ಕ್ಯಾಮೆರಾ ಇಟ್ಟು ಕೂರಲು ಒಪ್ಪಿದ್ದಾರೆ, ಪಕ್ಕದ ಮನೆಯವರಿಗೆ ತಿಳಿಯಕೂಡದು ಎಂಬ ಷರತ್ತಿನೊಂದಿಗೆ.