ಚಾಟಹೂಚಿಯಲ್ಲಿ ಫ್ಲೈ ಫಿಶಿಂಗ್: ಅಟ್ಲಾಂಟಾಕ್ಕೆ ಹೊಸದಾಗಿ ಬಂದವರಿಗೆ

ಆಲ್ಫರೆಟ್ಟಾ, ಕಮ್ಮಿಂಗ್, ಜಾನ್ಸ್ ಕ್ರೀಕ್ ಕಡೆ ಮನೆ ಮಾಡಿದ ನಮ್ಮವರು ಚಾಟಹೂಚಿ ನದಿಯ ಸೇತುವೆಗಳನ್ನು ಆಗಾಗ ದಾಟುತ್ತಲೇ ಇರುತ್ತಾರೆ. ಕೆಳಗೆ ಸೊಂಟದುದ್ದ ನೀರಿನಲ್ಲಿ ನಿಂತು ಉದ್ದನೆಯ ಹಗ್ಗ ಬೀಸುತ್ತಿರುವವರನ್ನು ನೋಡಿ, ಇವರೇನು ಮಾಡ್ತಿದ್ದಾರೆ ಅಂತ ಕೇಳುವವರು ಬಹಳ. ಅದು ಫ್ಲೈ ಫಿಶಿಂಗ್, ಹುಳದಂತೆ ಕಟ್ಟಿದ ಹಗುರ ಕೊಕ್ಕೆ (ಫ್ಲೈ) ಎಸೆದು ಮೀನು ಹಿಡಿಯುವುದು. ಅವರಿಗಾಗಿಯೇ ಇದು.

ಜಾರ್ಜಿಯಾದ ಸೆಖೆಯಲ್ಲಿ ಟ್ರೌಟ್ ಬದುಕುವುದೇ ವಿಚಿತ್ರ. ಅದು ತಣ್ಣೀರಿನ ಮೀನು. ನೀರು 70 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಒದ್ದಾಡುತ್ತದೆ. 1950ರ ದಶಕದಲ್ಲಿ ಬ್ಯುಫರ್ಡ್ ಅಣೆಕಟ್ಟು ಬಂದ ಮೇಲೆ ಅದರ ಹಿಂದಿನ ಲೇನಿಯರ್ ಜಲಾಶಯದ ಆಳದ ನೀರು ನದಿಗೆ ಬೀಳತೊಡಗಿತು. ಅದು ಬೇಸಿಗೆಯಲ್ಲೂ 50 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಅಣೆಕಟ್ಟಿನಿಂದ ಮಾರ್ಗನ್ ಫಾಲ್ಸ್ ತನಕ, ಸುಮಾರು 35 ಮೈಲಿ, ವರ್ಷವಿಡೀ ಟ್ರೌಟ್ ಸಿಗುತ್ತದೆ. ಅದರ ಕೆಳಗೆ ಬೇಸಿಗೆಯಲ್ಲಿ ನೀರು ಬೆಚ್ಚಗಾಗುತ್ತದೆ. ಅದು ಬಾಸ್ ಅನ್ನುವ ಮೀನಿಗೆ ಸರಿ.

ಈ ನದಿಯಲ್ಲಿ ಋತುವಿಗಿಂತ ಮೊದಲು ನೋಡಬೇಕಾದ್ದು ಅಣೆಕಟ್ಟಿನ ವೇಳಾಪಟ್ಟಿ. ಕರೆಂಟಿಗೆ ಬೇಡಿಕೆ ಬಂದಾಗ ನೀರು ಬಿಡುತ್ತಾರೆ, ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ಮೊಣಕಾಲುದ್ದ ಇದ್ದ ಹೊಳೆ ಕೆಲವೇ ನಿಮಿಷಗಳಲ್ಲಿ ಆಳೆತ್ತರ ಏರಬಹುದು. ಕೆಆರ್‌ಎಸ್‌ನಿಂದ ನೀರು ಬಿಡುವಾಗ ನದಿ ದಡದವರಿಗೆ ಎಚ್ಚರಿಕೆ ಕೊಡ್ತಾರಲ್ಲ, ಅಂಥದ್ದು ಇಲ್ಲಿ ಹೆಚ್ಚು ಕಡಿಮೆ ದಿನನಿತ್ಯದ ಮಾತು. ಅಣೆಕಟ್ಟಿನ ಹತ್ತಿರ ಸೈರನ್ ಕೇಳಿಸುತ್ತದೆ. ಮೈಲಿಗಟ್ಟಲೆ ಕೆಳಗಿದ್ದರೆ ಏನೂ ಕೇಳಿಸುವುದಿಲ್ಲ, ನೀರು ಮಾತ್ರ ಸ್ವಲ್ಪ ತಡವಾಗಿ ಬಂದೇ ಬರುತ್ತದೆ. ಆ ದಿನದ ಬಿಡುಗಡೆ ಸಮಯವನ್ನು ಅಣೆಕಟ್ಟು ನಡೆಸುವ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ ಪ್ರಕಟಿಸುತ್ತದೆ. ಅದನ್ನು ನೋಡದೆ ನೀರಿಗೆ ಇಳಿಯಲೇಬೇಡಿ. ಅಣೆಕಟ್ಟಿನಿಂದ ಹೈವೇ 20 ಸೇತುವೆ ತನಕ ನೀರಿಗಿಳಿಯುವವರು ಲೈಫ್ ಜಾಕೆಟ್ ಹಾಕಿಕೊಳ್ಳುವುದು ಕಡ್ಡಾಯ. ಈಜು ಬರುತ್ತೆ ಅನ್ನುವ ಧೈರ್ಯ ಆ ಚಳಿ ನೀರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಲೈಸೆನ್ಸ್ ವಿಚಾರ ಸುಲಭ. 16 ತುಂಬಿದವರಿಗೆ ಫಿಶಿಂಗ್ ಲೈಸೆನ್ಸ್ ಬೇಕು, ಟ್ರೌಟ್‌ಗೆ ಇನ್ನೊಂದು. ಎರಡೂ ಜಾರ್ಜಿಯಾ ರಾಜ್ಯದ ಆ್ಯಪ್‌ನಲ್ಲೇ ಸಿಗುತ್ತವೆ. ದಡದ ನ್ಯಾಷನಲ್ ಪಾರ್ಕ್ ಜಾಗಗಳಲ್ಲಿ ಪಾರ್ಕಿಂಗ್‌ಗೆ ದಿನಕ್ಕೆ 5 ಡಾಲರ್. ನ್ಯಾಷನಲ್ ಪಾರ್ಕ್‌ಗಳ ವಾರ್ಷಿಕ ಪಾಸ್ ಇದ್ದರೆ ಅದೇ ಸಾಕು. ಈ ದಡಗಳು ಕಾಂಕ್ರೀಟ್ ಆಗದೆ ಉಳಿದದ್ದಕ್ಕೆ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನೂ ಒಂದು ಕಾರಣ. ಅವರಿಗೂ ಫ್ಲೈ ಫಿಶಿಂಗ್ ಹುಚ್ಚು ಚೆನ್ನಾಗಿಯೇ ಇತ್ತು.

ಇನ್ನು ಸಾಮಾನು. ಒಂಬತ್ತಡಿಯ 5 ವೇಟ್ (ಲೈನಿನ ತೂಕದ ಅಂಕೆ) ರಾಡ್ ತಗೊಳ್ಳಿ. ರೀಲು, ಲೈನು ಸೇರಿದ ಸೆಟ್ಟೇ ಸಿಗುತ್ತದೆ, ದುಬಾರಿಯದು ಈಗ ಬೇಡ. ಉಳಿದ ದುಡ್ಡನ್ನು ಒಳ್ಳೆ ವೇಡರ್ಸ್‌ಗೆ (ನೀರು ಒಳಬಿಡದ ಉದ್ದ ಪ್ಯಾಂಟು) ಹಾಕಿ, ಸೊಂಟಕ್ಕೆ ಬೆಲ್ಟ್ ಮರೆಯಬೇಡಿ. ಊರಿನಲ್ಲಿ ಎರೆಹುಳ ಚುಚ್ಚಿ ಗಾಳ ಹಾಕಿದವರಿಗೆ ಇದು ಮೊದಲು ತಲೆಕೆಳಗು ಅನಿಸುತ್ತದೆ. ಅಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಗರಿ, ಕೂದಲು ಸುತ್ತಿ ಮಾಡಿದ ಹುಳಕ್ಕೆ ತೂಕವೇ ಇಲ್ಲ. ದಪ್ಪನೆಯ ಲೈನಿನ ತೂಕವೇ ಅದನ್ನು ಒಯ್ಯಬೇಕು. ಹಾಗಾಗಿ ಹಿಂದಕ್ಕೆ ಬೀಸಿದಾಗ ಲೈನ್ ಪೂರ್ತಿ ನೆಟ್ಟಗಾಗುವ ತನಕ ತಡೆದು, ಆಮೇಲೆ ಮುಂದಕ್ಕೆ ತನ್ನಿ. ಜೋರು ಹಾಕಿದಷ್ಟೂ ಕೆಡುತ್ತದೆ. ಕಲಿಯುವುದಕ್ಕೆ ನದಿಗಿಂತ ನಿಮ್ಮ ಸಬ್‌ಡಿವಿಷನ್‌ನ ಕೊಳವೇ ಒಳ್ಳೆಯದು. ಅಲ್ಲಿ ಬ್ಲೂಗಿಲ್, ಲಾರ್ಜ್‌ಮೌತ್ ಬಾಸ್ ಇರುವುದುಂಟು, ಬ್ಲೂಗಿಲ್ ಏನು ಹಾಕಿದರೂ ಕಚ್ಚುತ್ತದೆ. ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ನಿಯಮ ಮಾತ್ರ ಮೊದಲು ಕೇಳಿಕೊಳ್ಳಿ.

ನದಿಗೆ ಇಳಿಯಲು ನವೆಂಬರ್ ಒಳ್ಳೆ ತಿಂಗಳು. ಮಾರ್ಗನ್ ಫಾಲ್ಸ್ ಕೆಳಗೆ ಸೋಪ್ ಕ್ರೀಕ್‌ನಿಂದ ಕಾಬ್ ಪಾರ್ಕ್‌ವೇ ತನಕದ ಭಾಗ ನವೆಂಬರ್ 1ರಿಂದ ಮೇ 14ರವರೆಗೆ 'ಡಿಲೇಡ್ ಹಾರ್ವೆಸ್ಟ್'. ಮೀನು ತಂದು ಬಿಡುತ್ತಾರೆ, ಹಿಡಿದದ್ದನ್ನೆಲ್ಲ ನೀವು ವಾಪಸ್ ಬಿಡಬೇಕು. ಕೃತಕ ಹುಳ ಮಾತ್ರ, ಅದೂ ಒಂಟಿ ಕೊಕ್ಕೆಯದು. ಮೀನು ಧಾರಾಳ, ಹೊಸಬರಿಗೆ ಬೇಗ ಹುರುಪು ಬರುತ್ತದೆ. ವೂಲಿ ಬಗ್ಗರ್ ಅನ್ನುವ ಫ್ಲೈ ಒಂದನ್ನು ನೀರಿನಡಿ ನಿಧಾನಕ್ಕೆ ಎಳೆಯುವುದರಿಂದ ಶುರುಮಾಡಿ. ಜನವರಿಯ ಚಳಿಗೆ ಮಿಡ್ಜ್ ಫ್ಲೈ ಬೇಕು, ಸೊಳ್ಳೆಗಿಂತ ಚಿಕ್ಕದು.

ಹಿಡಿದು ಬಿಡುವುದಾದರೆ ಹಿಡಿಯುವುದೇಕೆ ಅಂತ ನಮ್ಮವರು ಕೇಳುತ್ತಾರೆ, ಅದರಲ್ಲೂ ಸಸ್ಯಾಹಾರಿಗಳು. ನ್ಯಾಯವಾದ ಪ್ರಶ್ನೆ. ಮೀನಿಗೆ ತೊಂದರೆಯೇ ಆಗಲ್ಲ ಅಂತ ನಾನು ಹೇಳುವುದಿಲ್ಲ. ಕಡಿಮೆ ಮಾಡಬಹುದು: ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿಬಿಡಿ, ಕೈ ಒದ್ದೆ ಮಾಡಿಕೊಂಡು ಮುಟ್ಟಿ, ಫೋಟೋಗೆ ಅಂತ ದಡದ ಮೇಲೆ ಮಲಗಿಸಬೇಡಿ. ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ, ನದಿ ದಡದ ವಾಕಿಂಗ್ ಕೂಡ ಚೆನ್ನಾಗಿದೆ. ತಿನ್ನುವವರಿಗೆ ಮೇ 15ರ ನಂತರ ಇದೇ ಭಾಗದಲ್ಲಿ ದಿನಕ್ಕೆ ಎಂಟು ಟ್ರೌಟ್ ಇಟ್ಟುಕೊಳ್ಳಲು ಅವಕಾಶವಿದೆ. ಬೇಸಿಗೆಯ ಬಿಸಿಯಲ್ಲಿ ಅವು ಅಲ್ಲಿ ಉಳಿಯುವುದು ಕಷ್ಟ, ಹಾಗಾಗಿ ಸಂಕೋಚ ಬೇಡ. ಬಂಗುಡೆಗೆ ಹಚ್ಚುವ ಮಸಾಲೆ, ಮೇಲೆ ರವೆ, ಟ್ರೌಟ್‌ಗೆ ಚೆನ್ನಾಗಿ ಹೊಂದುತ್ತದೆ. ಯಾವ ಮೀನು ಎಷ್ಟು ತಿನ್ನಬಹುದು ಅನ್ನುವ ರಾಜ್ಯದ ಸಲಹೆಯನ್ನೂ ಒಮ್ಮೆ ಓದಿಕೊಳ್ಳಿ.

ವಸಂತದಲ್ಲಿ ಕ್ಯಾಡಿಸ್ ಹುಳ ಏಳುತ್ತದೆ. ಟ್ರೌಟ್ ಮೇಲ್ಮೈಗೆ ಬಂದು ಕಚ್ಚುವುದನ್ನು ಕಣ್ಣಾರೆ ನೋಡಬಹುದು. ಅದರಂತೆ ಕಾಣುವ ಎಲ್ಕ್ ಹೇರ್ ಕ್ಯಾಡಿಸ್ ಫ್ಲೈ ತೇಲಿಬಿಡಿ, ಲೈನ್ ಅದನ್ನು ಎಳೆಯದಂತೆ ನೋಡಿಕೊಳ್ಳಿ.

ಬೇಸಿಗೆಯಲ್ಲಿ ಎರಡು ದಾರಿ. ಟ್ರೌಟ್ ಬೇಕಿದ್ದರೆ ಬೋಮನ್ಸ್ ಐಲೆಂಡ್ ಕಡೆ, ಅಣೆಕಟ್ಟಿನ ಹತ್ತಿರ ಹೋಗಿ. ಹೊರಗೆ 90 ಡಿಗ್ರಿ ಇದ್ದರೂ ಕಾಲು ಮರಗಟ್ಟುತ್ತದೆ, ನದಿಯ ಮೇಲೆ ಮಂಜು ಕೂತಿರುತ್ತದೆ. ಹೈವೇ 20ರಿಂದ ಮೆಡ್‌ಲಾಕ್ ಬ್ರಿಡ್ಜ್ ತನಕ ಎರೆಹುಳ ಹಾಕುವಂತಿಲ್ಲ, ಕೃತಕ ಮಾತ್ರ. ಇನ್ನೊಂದು ದಾರಿ ಮಾರ್ಗನ್ ಫಾಲ್ಸ್ ಕೆಳಗಿನ ಬಂಡೆಗಳ ನಡುವೆ ಶೋಲ್ ಬಾಸ್. ನನ್ನನ್ನು ಕೇಳಿದರೆ ಇದೇ ಮಜಾ. ಶೋಲ್ ಬಾಸ್ ಈ ನದಿ ಜಾಲದ್ದೇ ಮೀನು, ಟ್ರೌಟ್‌ನಂತೆ ತಂದು ಬಿಟ್ಟ ಅತಿಥಿಯಲ್ಲ. ಬಂಡೆಯ ಹಿಂದೆ ನೀರು ಸ್ವಲ್ಪ ನಿಲ್ಲುವ ಕಡೆ ಪಾಪರ್ (ನೀರಿನ ಮೇಲೆ ತೇಲಿ ಸದ್ದು ಮಾಡುವ ಫ್ಲೈ) ಎಸೆದು, ಒಂದೆರಡು ಸಲ ಪಟಕ್ ಅನ್ನಿಸಿ, ಸುಮ್ನೆ ಬಿಡಿ. ಕಚ್ಚಿದರೆ ರಾಡ್ ಬಿಗಿಯಾಗಿ ಹಿಡಿದಿರಬೇಕು. ಶನಿವಾರ ಮಧ್ಯಾಹ್ನ ಮಾತ್ರ ಹೋಗಬೇಡಿ. ಟ್ಯೂಬ್ ಮೇಲೆ ತೇಲಿಕೊಂಡು ಬರುವ ದೊಡ್ಡ ದಂಡೇ ಇರುತ್ತದೆ, ಪಾರ್ಟಿ ಹಾಡಿನ ಸಮೇತ.

ಶರತ್ಕಾಲದ ಕೊನೆಗೆ ಜಲಾಶಯದ ಮೇಲಿನ ನೀರು ತಣ್ಣಗಾಗಿ ಕೆಳಗಿನದರ ಜೊತೆ ಬೆರೆಯುತ್ತದೆ. ಆಗ ಅಣೆಕಟ್ಟಿನ ಕೆಳಗೆ ನೀರು ಬಣ್ಣಗೆಟ್ಟು, ಮೀನು ಕೆಲವು ವಾರ ಮಂಕಾಗಿರುತ್ತದೆ. ಆಗ ಕೆಳಗಿನ ಡಿಲೇಡ್ ಹಾರ್ವೆಸ್ಟ್ ಭಾಗಕ್ಕೇ ಹೋಗುವುದು ಲೇಸು. ಬ್ರೌನ್ ಟ್ರೌಟ್ ಮೊಟ್ಟೆ ಇಡುವುದೂ ಹೆಚ್ಚು ಕಡಿಮೆ ಈ ಸಮಯದಲ್ಲೇ. ಈ ನದಿಯಲ್ಲಿ ಅವು ತಾವಾಗಿ ಮರಿ ಮಾಡುತ್ತವೆ. ತಳದ ಜಲ್ಲಿಯಲ್ಲಿ ತೊಳೆದಿಟ್ಟಂತೆ ಬೆಳ್ಳಗಿರುವ ಜಾಗ ಕಂಡರೆ ಅಲ್ಲಿ ಮೊಟ್ಟೆ ಇದೆ ಅಂತ ತಿಳಿಯಿರಿ. ಅದನ್ನು ತುಳಿಯಬೇಡಿ, ಮೇಲೆ ಕೂತ ಮೀನಿಗೆ ಫ್ಲೈ ಎಸೆಯಲೂಬೇಡಿ. ಮಕ್ಕಳನ್ನು ಕರೆದುಕೊಂಡು ಹೋದರೆ ಅವರಿಗೂ ದಡದಿಂದಲೇ ತೋರಿಸಿ.