ಸಣ್ಣ ಸಂಸ್ಥೆಗೆ ಇಮೇಲ್ ಸರ್ವರ್ ಪರವಾನಗಿ: ಮೊದಲು ಎಣಿಕೆ, ಆಮೇಲೆ ಬೆಲೆ

ಇಮೇಲ್ ವ್ಯವಸ್ಥೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಬೆಲೆಪಟ್ಟಿಯನ್ನೇ ಮೊದಲು ಕೇಳುತ್ತಾರೆ. ಆದರೆ ಪರವಾನಗಿಯ ಶುಲ್ಕವನ್ನು ಏನನ್ನು ಎಣಿಸಿ ನಿಗದಿಪಡಿಸಿದ್ದಾರೆ ಎಂಬುದು ತಿಳಿಯದೆ ಎರಡು ಬೆಲೆಗಳನ್ನು ಹೋಲಿಸಲು ಬರುವುದಿಲ್ಲ.

ಸ್ವಂತ ಸರ್ವರ್‌ನಲ್ಲಿ ನಡೆಸುವ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂಬ ಇಮೇಲ್ ತಂತ್ರಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಸರ್ವರ್ ಪರವಾನಗಿಯೊಂದೇ ಸಾಲದು. ಅದನ್ನು ಬಳಸುವ ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಸಾಧನಕ್ಕೆ ‘ಕ್ಯಾಲ್’ ಎಂಬ ಪ್ರವೇಶ ಪರವಾನಗಿಯೂ ಬೇಕು. ಒಬ್ಬರೇ ಲ್ಯಾಪ್‌ಟಾಪ್ ಮತ್ತು ಮೊಬೈಲ್ ಎರಡರಲ್ಲೂ ಮೇಲ್ ನೋಡುವುದಾದರೆ ವ್ಯಕ್ತಿಯ ಲೆಕ್ಕವೂ, ಪಾಳಿಯಲ್ಲಿ ಹಲವರು ಒಂದೇ ಕಂಪ್ಯೂಟರ್ ಬಳಸುವುದಾದರೆ ಸಾಧನದ ಲೆಕ್ಕವೂ ಅಗ್ಗವಾಗುತ್ತದೆ. ಆ ಪಾಳಿಯವರು ತಮ್ಮ ಮೊಬೈಲಿನಲ್ಲೂ ಮೇಲ್ ತೆರೆಯತೊಡಗಿದರೆ ಈ ಉಳಿತಾಯ ಕರಗಿಹೋಗುತ್ತದೆ. ಹೆಚ್ಚಿನ ಸೌಲಭ್ಯಗಳಿಗಾಗಿ ಇರುವ ಎಂಟರ್‌ಪ್ರೈಸ್ ಕ್ಯಾಲ್ ಎಂಬುದು ಮೂಲ ಸ್ಟ್ಯಾಂಡರ್ಡ್ ಕ್ಯಾಲ್‌ಗೆ ಬದಲಿಯಲ್ಲ, ಅದರ ಮೇಲೆ ಕೊಳ್ಳಬೇಕಾದ ಹೆಚ್ಚುವರಿ. ಸರ್ವರ್‌ನ ಸ್ಟ್ಯಾಂಡರ್ಡ್ ಆವೃತ್ತಿಯಲ್ಲಿ ಮೇಲ್‌ಬಾಕ್ಸ್‌ಗಳನ್ನು ಶೇಖರಿಸಿಡುವ 5 ಡೇಟಾಬೇಸ್‌ಗಳಿಗೆ ಅವಕಾಶವಿದ್ದು, ಸಣ್ಣ ಸಂಸ್ಥೆಗೆ ಅಷ್ಟು ಧಾರಾಳ. ಇದರ ಜೊತೆಗೆ ವಿಂಡೋಸ್ ಸರ್ವರ್‌ನ ಪರವಾನಗಿ ಮತ್ತು ಅದರದೇ ಕ್ಯಾಲ್‌ಗಳ ಖರ್ಚೂ ಸೇರುತ್ತದೆ. ಅಂದಾಜುಪಟ್ಟಿಯಲ್ಲಿ ಮರೆತುಹೋಗುವುದು ಹೆಚ್ಚಾಗಿ ಇದೇ.

ಹಳೆಯ ಪರವಾನಗಿ ಅಗ್ಗಕ್ಕೆ ಸಿಗುತ್ತದೆ ಎಂದರೆ ಎಚ್ಚರವಹಿಸಬೇಕು. ಎಕ್ಸ್‌ಚೇಂಜ್ 2016 ಮತ್ತು 2019ರ ಅಧಿಕೃತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅವುಗಳ ನಂತರದ ಸಬ್‌ಸ್ಕ್ರಿಪ್ಶನ್ ಎಡಿಷನ್‌ಗೆ ಚಾಲ್ತಿಯಲ್ಲಿರುವ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಹೊಸ ಆವೃತ್ತಿಗಳ ಹಕ್ಕು ಕೊಡುವ, ಅವಧಿ ಮುಗಿದಂತೆ ನವೀಕರಿಸಬೇಕಾದ ಒಪ್ಪಂದ) ಅಥವಾ ಚಂದಾ ಅಗತ್ಯವಾದ್ದರಿಂದ, ಒಮ್ಮೆ ಕೊಂಡು ನಿಶ್ಚಿಂತರಾಗುವ ಲೆಕ್ಕಾಚಾರ ಅಲ್ಲಿ ನಡೆಯದು.

ಪೋಸ್ಟ್‌ಫಿಕ್ಸ್, ಡವ್‌ಕಾಟ್‌ನಂತಹ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಆದರೆ ಸ್ಪ್ಯಾಮ್ ತಡೆ, ಬ್ಯಾಕಪ್, ಭದ್ರತಾ ಪರಿಷ್ಕರಣೆಗಳನ್ನು ನೋಡಿಕೊಳ್ಳಬಲ್ಲ ವ್ಯಕ್ತಿಯ ಸಂಬಳವನ್ನು ಲೆಕ್ಕದಿಂದ ಬಿಡುವಂತಿಲ್ಲ.

ಅಂಥವರು ಇಲ್ಲದ ಸಂಸ್ಥೆಗೆ, ನನ್ನ ಅಭಿಪ್ರಾಯದಲ್ಲಿ, ತಲೆಗಿಷ್ಟೆಂದು ಚಂದಾ ಕಟ್ಟುವ ಕ್ಲೌಡ್ ಸೇವೆಯೇ ಸೂಕ್ತ. ಮೈಕ್ರೋಸಾಫ್ಟ್ 365ರ ಬಿಸಿನೆಸ್ ಯೋಜನೆಗಳು ಗರಿಷ್ಠ 300 ಬಳಕೆದಾರರಿಗೆ ಸೀಮಿತವಾಗಿವೆ. ವಿಚಾರಣೆ, ಲೆಕ್ಕಪತ್ರಗಳಂತಹ ವಿಭಾಗದ ವಿಳಾಸಗಳನ್ನು ಹಲವರು ಒಟ್ಟಾಗಿ ಬಳಸುವ ಹಂಚಿಕೆಯ ಮೇಲ್‌ಬಾಕ್ಸ್ ಆಗಿ ಮಾಡಿಕೊಂಡರೆ 50 ಜಿಬಿವರೆಗೆ ಅವಕ್ಕೆ ಪ್ರತ್ಯೇಕ ಪರವಾನಗಿ ಬೇಡ. ತೆರೆದು ನೋಡುವವರಿಗೆ ಮಾತ್ರ ಇರಬೇಕು. ವಾರ್ಷಿಕ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ, ನಡುವೆ ಬಳಕೆದಾರರ ಸಂಖ್ಯೆಯನ್ನು ತಗ್ಗಿಸಬಹುದೇ, ಕೆಲಸ ಬಿಟ್ಟವರ ಹಳೆಯ ಪತ್ರಗಳನ್ನು ಉಳಿಸಿಕೊಳ್ಳಲು ಅವರ ಪರವಾನಗಿಗೆ ಹಣ ಕಟ್ಟುತ್ತಲೇ ಇರಬೇಕೇ ಎಂಬ ಎರಡು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆದುಕೊಳ್ಳಿ.